ಕೊಯ್ಲಿನ ಕಾಲದಲ್ಲಿ ಮನೆಗೆ ಹೋಗದವನಿಗೆ ಬೈಬಲ್ ಏನು ಹೇಳುತ್ತದೆ?

ತೋಟದ ರೈಟರು (ಶನಿವಾರ, ರಾತ್ರಿ 10:42)

ಎಲ್ಲರಿಗೂ ನಮಸ್ಕಾರ, ಸ್ತೋತ್ರ. ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ಹನ್ನೊಂದು ವರ್ಷದಿಂದ ರೈಟರ್ (ಆಳುಗಳ ಹಾಜರಿ, ಲೆಕ್ಕ ಬರೆಯುವವನು) ಆಗಿದ್ದೇನೆ. ಹೆಂಡತಿ ಮತ್ತು ಇಬ್ಬರು ಮಕ್ಕಳು ಶಾಲೆಯ ಕಾರಣಕ್ಕೆ ಹಾಸನದ ಬಾಡಿಗೆ ಮನೆಯಲ್ಲಿದ್ದಾರೆ. ಬೇರೆ ತಿಂಗಳುಗಳಲ್ಲಿ ಶನಿವಾರ ಸಂಜೆ ಬೇಲೂರಿನಲ್ಲಿ ಬಸ್ ಬದಲಿಸಿ ಮನೆ ಸೇರುತ್ತೇನೆ, ಸೋಮವಾರ ಮೊದಲ ಬಸ್ಸಿಗೆ ವಾಪಸ್. ನವೆಂಬರಿನಿಂದ ಮಾರ್ಚ್‌ವರೆಗೆ ಅದೂ ಇಲ್ಲ. ಅರೇಬಿಕಾ ಮುಗಿಯುವಷ್ಟರಲ್ಲಿ ರೋಬಸ್ಟಾ ಹಣ್ಣಾಗಿರುತ್ತದೆ. ಸಂಜೆ ತೂಕ, ಚೆಕ್‌ರೋಲ್ ಎಂಬ ಹಾಜರಿ ಪುಸ್ತಕ, ಆಮೇಲೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ. ಕೊಯ್ದ ಹಣ್ಣನ್ನು ಅದೇ ದಿನ ಪಲ್ಪ್ ಮಾಡದಿದ್ದರೆ ಹುಳಿಯತೊಡಗುತ್ತದೆ. ಕರೆಂಟ್ ಹೋದ ದಿನ ಜನರೇಟರ್ ಹಾಕಿಕೊಂಡು ರಾತ್ರಿ ಹತ್ತಾಗುತ್ತದೆ.

ಕಳೆದ ವಾರ, ಐದು ವಾರಗಳ ಮೇಲೆ ಮನೆಗೆ ಹೋದೆ. ನಮ್ಮ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸ್ಟೀಲ್ ಲೋಟ. ಅಂಚು ನೆಗ್ಗಿರುವುದು ನನ್ನದು. ಮಗಳು ಕಾಫಿ ತಂದಳು, ನೆಂಟರಿಗೆ ಕೊಡುವ ಪಿಂಗಾಣಿ ಕಪ್ಪಿನಲ್ಲಿ, ಸಾಸರ್ ಸಮೇತ. ನನ್ನ ಲೋಟ ಎಲ್ಲಿ ಎಂದೆ. ಕಿಟಕಿಯ ಮೇಲೆ ಮಗನ ಪೆನ್ಸಿಲು, ಸ್ಕೇಲು ತುಂಬಿಕೊಂಡು ನಿಂತಿತ್ತು. ಯಾರೂ ಬೇಕೆಂದು ಮಾಡಿದ್ದಲ್ಲ. ಆದರೂ ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಈಗ ಧಣಿಗಳು ಪಕ್ಕದ ತೋಟವನ್ನೂ ನೀನೇ ನೋಡಿಕೋ ಎನ್ನುತ್ತಿದ್ದಾರೆ. ಸಂಬಳ ಒಂಬತ್ತು ಸಾವಿರ ಜಾಸ್ತಿ. ಆದರೆ ವರ್ಷಪೂರ್ತಿ ತಿಂಗಳಿಗೆ ಎರಡೇ ಭಾನುವಾರ ರಜೆ. ತಿಂಗಳ ಕೊನೆಯೊಳಗೆ ಉತ್ತರ ಹೇಳಬೇಕು. ನಮ್ಮ ಸಭೆಯ ಹಿರಿಯರೊಬ್ಬರು 1 ತಿಮೊಥೆಯ 5:8 ತೋರಿಸಿದರು: ಸ್ವಂತ ಮನೆಯವರನ್ನು ಸಾಕದವನು ನಂಬಿಕೆಯಿಲ್ಲದವನಿಗಿಂತ ಕಡೆ. ಒಪ್ಪಿಕೋ ಎಂದರು. ಹೆಂಡತಿ ಮಾತಾಡಲಿಲ್ಲ. 127ನೆಯ ಕೀರ್ತನೆ ತೆಗೆದು ಮೇಜಿನ ಮೇಲೆ ಇಟ್ಟಳು, ಬೇಗ ಏಳುವುದೂ ತಡವಾಗಿ ಮಲಗುವುದೂ ವ್ಯರ್ಥ ಎನ್ನುವ ಕಡೆ ಬೆರಳಿಟ್ಟು. ಎರಡೂ ಒಂದೇ ಪುಸ್ತಕದಲ್ಲಿವೆ. ಯಾವುದನ್ನು ಹಿಡಿಯಲಿ?

ಕಾಳುಮೆಣಸು (10:51)

ಒಂಬತ್ತು ಸಾವಿರಕ್ಕೆ ಇನ್ನೊಂದು ತೋಟವೇ? ಮೊದಲು ಹದಿನೈದು ಕೇಳಿ, ಆಮೇಲೆ ಬೈಬಲ್ ತೆಗೆಯಿರಿ.

ಸ್ತೋತ್ರ ಸಹೋದರ (11:03)

ಉತ್ತರ ಸುಲಭ. ದೇವರು ಮೊದಲು, ಕುಟುಂಬ ಎರಡನೆಯದು, ಕೆಲಸ ಮೂರನೆಯದು. ಈ ಕ್ರಮ ತಪ್ಪಿದ ಮನೆಗಳೆಲ್ಲ ಒಡೆದಿವೆ. ಮತ್ತಾಯ 6:33 ಓದಿ. ಮೊದಲು ದೇವರ ರಾಜ್ಯಕ್ಕಾಗಿ ತವಕಪಟ್ಟರೆ ಉಳಿದದ್ದು ತಾನಾಗಿ ಕೂಡಿಬರುತ್ತದೆ. ನೀವು ಭಾನುವಾರದ ಆರಾಧನೆ ಬಿಟ್ಟಿದ್ದೇ ಮೂಲ ಸಮಸ್ಯೆ ಎಂದು ನನಗೆ ಅನ್ನಿಸುತ್ತದೆ.

ರಾತ್ರಿ ಪಾಳಿ (11:10)

ಹೆಂಡತಿ ಬೆರಳಿಟ್ಟು ತೋರಿಸಿದ ಮೇಲೂ ಇಲ್ಲಿಗೆ ಬಂದು ಕೇಳುತ್ತಿದ್ದೀರಲ್ಲ ಅಣ್ಣ!

ಅರಸೀಕೆರೆ ಮೇಷ್ಟ್ರು (11:38)

ಸಹೋದರರೇ, ಒಂದು, ಎರಡು, ಮೂರು ಎಂಬ ಆ ಪಟ್ಟಿ ಬೈಬಲಿನಲ್ಲಿ ಯಾವ ಅಧ್ಯಾಯದಲ್ಲಿದೆ? ನಲವತ್ತು ವರ್ಷ ಭಾನುವಾರ ಶಾಲೆಯಲ್ಲಿ ಪಾಠ ಮಾಡಿದ್ದೇನೆ, ನನಗೆ ಸಿಕ್ಕಿಲ್ಲ. ಮತ್ತಾಯ 6:33 ಊಟ ಬಟ್ಟೆಯ ಚಿಂತೆಯ ಬಗ್ಗೆ ಆಡಿದ ಮಾತು. ಅದರಲ್ಲಿ ಹೆಂಡತಿ ಮಕ್ಕಳಿಗೆ ಎರಡನೆಯ ನಂಬರ್ ಕೊಟ್ಟಿಲ್ಲ.

ಇನ್ನು ರೈಟರಿಗೆ ಆ ಹಿರಿಯರು ತೋರಿಸಿದ ವಚನ. 1 ತಿಮೊಥೆಯ 5 ಪೂರ್ತಿ ಓದಿ. ಮೂರನೆಯ ವಚನದಿಂದ ಹದಿನಾರರವರೆಗೆ ವಿಧವೆಯರ ವಿಚಾರ. ಯಾವ ವಿಧವೆಯನ್ನು ಸಭೆ ನೋಡಿಕೊಳ್ಳಬೇಕು, ಯಾರನ್ನು ಅವರವರ ಮಕ್ಕಳು ಮೊಮ್ಮಕ್ಕಳು ನೋಡಿಕೊಳ್ಳಬೇಕು ಎಂದು ಪೌಲ ವಿಂಗಡಿಸುತ್ತಿದ್ದಾನೆ. ಮುದಿ ತಾಯಿಯನ್ನು ಸಭೆಯ ಕೊರಳಿಗೆ ಕಟ್ಟಿ ತಾನು ಆರಾಮವಾಗಿರುವ ಮಗನಿಗೆ ಬಿದ್ದ ಏಟು ಅದು. ಎರಡನೆಯ ತೋಟ ಒಪ್ಪಿಕೊಳ್ಳದವನಿಗೆ ಅಲ್ಲ. ನೀವು ಈಗಲೇ ಸಂಬಳ ಮನೆಗೆ ಕಳಿಸುತ್ತಿದ್ದೀರಿ. ಆ ವಚನದ ಎದುರು ನೀವು ಅಪರಾಧಿಯಲ್ಲ.

ಹಾಗೆಂದು 127ನೆಯ ಕೀರ್ತನೆಯೂ ದುಡಿಯಬೇಡ ಎನ್ನುವುದಿಲ್ಲ. ಅಲ್ಲಿ ಮನೆ ಕಟ್ಟುವವರು ಕಟ್ಟುತ್ತಲೇ ಇದ್ದಾರೆ, ಕಾವಲುಗಾರ ಕಾಯುತ್ತಲೇ ಇದ್ದಾನೆ. ಆ ಪದ್ಯದ ಅರ್ಧ ಕೆಲಸದ ಬಗ್ಗೆ, ಇನ್ನರ್ಧ ಮಕ್ಕಳ ಬಗ್ಗೆ. ಐದೇ ವಚನಗಳಲ್ಲಿ ಎರಡನ್ನೂ ಒಟ್ಟಿಗೆ ಕೂರಿಸಿದ್ದಾರೆ. ತಲೆಬರಹದಲ್ಲಿ ಸೊಲೊಮೋನನ ಹೆಸರಿದೆ. ಅವನ ಮನೆಯ ಗತಿ ಕೊನೆಗೆ ಏನಾಯಿತೆಂದು ನೆನೆದರೆ ಅದೂ ವಿಚಿತ್ರವೇ.

ಕಾಳುಮೆಣಸು (11:44)

ಮೇಷ್ಟ್ರೇ, ಏಳುನೂರು ರಾಣಿಯರಿದ್ದವನಿಗೆ ಮನೆಗೆ ಹೋಗಲು ಸಮಯ ಸಾಲದಿದ್ದರೆ ಆಶ್ಚರ್ಯವೇನು.

ಹೇಮಾವತಿ ದಂಡೆ (ಭಾನುವಾರ, ಬೆಳಗ್ಗೆ 6:20)

ನಮ್ಮ ತಂದೆ ಸಭೆಯ ಕಾರ್ಯದರ್ಶಿಯಾಗಿದ್ದರು. ಊರಿನಲ್ಲಿ ಯಾರ ಮನೆಯ ಮದುವೆ, ಯಾರ ಮನೆಯ ಮಣ್ಣು, ಎಲ್ಲದಕ್ಕೂ ಅವರೇ. ಅಮ್ಮ ಟೈಫಾಯ್ಡ್ ಜ್ವರದಲ್ಲಿ ಮಲಗಿದ್ದ ವಾರ ಅಪ್ಪ ಸುವಾರ್ತಾ ಕೂಟದ ಪೆಂಡಾಲ್ ಹಾಕಿಸುತ್ತಿದ್ದರು. ಗಂಜಿ ಬೇಯಿಸಿದ್ದು ನಾನು. ನನಗೆ ಆಗ ಒಂಬತ್ತು ವರ್ಷ. ಅಮ್ಮ ಬಾಯಿಬಿಟ್ಟು ಅಂದದ್ದು ಒಂದೇ ಸಲ, ಮನೆಗೆ ಮಾರಿ ಊರಿಗೆ ಉಪಕಾರಿ ಎಂದು. ಆಮೇಲೆ ಅದಕ್ಕೂ ಕ್ಷಮೆ ಕೇಳಿ ಪ್ರಾರ್ಥನೆ ಮಾಡಿದಳು.

ಆದ್ದರಿಂದ "ದೇವರು ಮೊದಲು" ಎಂದು ಬರೆಯುವಾಗ ಸ್ವಲ್ಪ ನೋಡಿ ಬರೆಯಿರಿ ಸಹೋದರರೇ. ಮಾರ್ಕ 7ರಲ್ಲಿ ಯೇಸು ಕೊರ್ಬಾನ್ ಎಂಬ ಪದ್ಧತಿಯನ್ನು ಬಯ್ಯುತ್ತಾನೆ. ತಂದೆತಾಯಿಗೆ ಸಲ್ಲಬೇಕಾದದ್ದನ್ನು "ಇದು ದೇವರಿಗೆ ಮುಡಿಪು" ಎಂದು ಹೇಳಿ ತಪ್ಪಿಸಿಕೊಳ್ಳುವ ದಾರಿ ಅದು. ದೇವರ ಹೆಸರು ಹೇಳಿಯೇ ಮನೆಯವರನ್ನು ಬಿಡಬಹುದೆಂದು ಅವನಿಗೆ ಗೊತ್ತಿತ್ತು.

ಸ್ತೋತ್ರ ಸಹೋದರ (7:05)

ಅಕ್ಕ, ನಿಮ್ಮ ತಾಯಿಯ ವಿಷಯ ಓದಿ ಬೇಸರವಾಯಿತು. ಆದರೆ ಲೂಕ 14:26 ಕೂಡ ಬೈಬಲಿನಲ್ಲೇ ಇದೆ. ತಂದೆ, ತಾಯಿ, ಹೆಂಡತಿ, ಮಕ್ಕಳನ್ನು ಹಗೆಮಾಡದವನು ನನ್ನ ಶಿಷ್ಯನಾಗಲಾರ ಎಂದು ಯೇಸು ಹೇಳಿದ್ದಾನೆ. ಮೀನುಗಾರ ಪೇತ್ರ ಬಲೆ ಬಿಟ್ಟು ಯೇಸುವಿನ ಹಿಂದೆ ಹೊರಟಾಗ ಹೆಂಡತಿಯನ್ನು ಕೇಳಿದನೇ?

ಅರಸೀಕೆರೆ ಮೇಷ್ಟ್ರು (7:31)

ಕೇಳಿದನೋ ಇಲ್ಲವೋ ಬರೆದಿಲ್ಲ. ಆದರೆ 1 ಕೊರಿಂಥ 9:5 ನೋಡಿ. ಕೇಫನು, ಅಂದರೆ ಅದೇ ಪೇತ್ರ, ಪ್ರಯಾಣದಲ್ಲಿ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ತಿರುಗುತ್ತಿದ್ದ ಎಂದು ಪೌಲ ಬರೆಯುತ್ತಾನೆ. ಪೇತ್ರನ ಅತ್ತೆ ಜ್ವರದಲ್ಲಿ ಮಲಗಿದ್ದಾಗ ಯೇಸು ಆ ಮನೆಗೇ ಹೋಗಿದ್ದು ಮಾರ್ಕ 1ರಲ್ಲಿದೆ. ಬಲೆ ಬಿಟ್ಟದ್ದು ನಿಜ. ಮನೆ ಬಿಟ್ಟು ಓಡಿದವನ ಕಥೆಯಾಗಿ ಅದನ್ನು ಓದಬೇಡಿ.

ಲೂಕ 14:26 ಕಠಿಣ ಮಾತು, ಒಪ್ಪುತ್ತೇನೆ. ಅದನ್ನು ಸಿಹಿ ಮಾಡಲು ಹೋಗುವುದಿಲ್ಲ. ಆದರೆ ಅದು ಶಿಷ್ಯನಾಗುವವನಿಗೆ ಹೇಳಿದ್ದು. ರಾತ್ರಿ ಹತ್ತರವರೆಗೆ ಪಲ್ಪರ್ ಮುಂದೆ ನಿಲ್ಲುವವನಿಗೆ ಅದನ್ನು ಅಂಟಿಸುವುದು ಹೇಗೆ? ಕಾಫಿ ತೋಟ ದೇವರ ರಾಜ್ಯವಲ್ಲ.

ಕಾಳುಮೆಣಸು (7:40)

ಮಾರ್ಚ್‌ನಲ್ಲಿ ಮಳೆ ಬಿದ್ದು ಹೂವು ಬಿಟ್ಟಾಗ ಒಮ್ಮೆ ಬಂದು ನೋಡಿ ಮೇಷ್ಟ್ರೇ, ಆಮೇಲೆ ಹೇಳಿ.

ಘಾಟಿ ಡ್ರೈವರ್ (9:15)

ನಾನು ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಬಸ್ ಓಡಿಸುವವನು. ಘಾಟಿಯಲ್ಲಿ ಬಸ್ಸಿನ ವೇಗ ತೀರ್ಮಾನಿಸುವುದು ನಾನಲ್ಲ. ಮುಂದೆ ಲೋಡ್ ತುಂಬಿಕೊಂಡು ತೆವಳುತ್ತಿರುವ ಲಾರಿ. ಹಾರ್ನ್ ಹೊಡೆದರೆ ಅದು ಹಗುರವಾಗುವುದಿಲ್ಲ.

ನನಗೆ ಇಷ್ಟವಾದ ಭಾಗ ಆದಿಕಾಂಡ 33. ಅಣ್ಣ ಏಸಾವ ಬಂದು ತಮ್ಮ ಯಾಕೋಬನಿಗೆ, ನಡಿ, ಒಟ್ಟಿಗೆ ಹೋಗೋಣ ಎನ್ನುತ್ತಾನೆ. ನಾನೂರು ಜನ ಗಂಡಸರನ್ನು ಕಟ್ಟಿಕೊಂಡು ಬಂದವನು, ಅವನದು ಸರಸರ ನಡಿಗೆ. ಯಾಕೋಬ ಹೇಳುತ್ತಾನೆ: ಮಕ್ಕಳು ಎಳೆಯರು, ಹಾಲು ಕುಡಿಸುವ ದನಕುರಿಗಳಿವೆ, ಒಂದು ದಿನ ಜೋರಾಗಿ ಓಡಿಸಿದರೆ ಹಿಂಡೆಲ್ಲ ಸಾಯುತ್ತದೆ, ನೀನು ಮುಂದೆ ಹೋಗು, ನಾನು ಮಕ್ಕಳ ನಡಿಗೆಗೆ ತಕ್ಕಂತೆ ನಿಧಾನವಾಗಿ ಬರುತ್ತೇನೆ. ನನ್ನ ಕಿರಿಯ ಮಗಳಿಗೆ ಕಾಲಿನ ತೊಂದರೆ ಇದೆ. ಅವಳನ್ನು ಶಾಲೆಗೆ ಬಿಡಲು ಹತ್ತು ನಿಮಿಷದ ದಾರಿಗೆ ಅರ್ಧ ಗಂಟೆ ಹಿಡಿಯುತ್ತದೆ. ಈ ವಚನ ಓದಿದ ಮೇಲೆ ನಾನು ಬೆಳಗಿನ ಡ್ಯೂಟಿ ಬೇಡ ಎಂದು ಬರೆದುಕೊಟ್ಟೆ.

ಅರಸೀಕೆರೆ ಮೇಷ್ಟ್ರು (9:42)

ಒಳ್ಳೆಯ ಮಾತು, ಆದರೆ ಪೂರ್ತಿ ಹೇಳಬೇಕಲ್ಲ. ನಿನ್ನ ಊರು ಸೇಯೀರಿಗೆ ಬರುತ್ತೇನೆ ಎಂದು ಅಣ್ಣನಿಗೆ ಹೇಳಿದ ಯಾಕೋಬ ಸೇಯೀರಿಗೆ ಹೋಗಲೇ ಇಲ್ಲ. 17ನೆಯ ವಚನದಲ್ಲಿ ಸುಕ್ಕೋತಿಗೆ ಹೋಗಿ ಮನೆ ಕಟ್ಟಿಕೊಂಡ. ಮಕ್ಕಳ ನಡಿಗೆ ಎಂಬುದು ಏಸಾವನಿಂದ ತಪ್ಪಿಸಿಕೊಳ್ಳಲು ಹೂಡಿದ ನೆಪ.

ಘಾಟಿ ಡ್ರೈವರ್ (9:50)

ನೆಪವೇ ಇರಲಿ ಮೇಷ್ಟ್ರೇ. ಸುಳ್ಳು ಹೇಳುವವನ ಬಾಯಲ್ಲೂ ದೇವರು ಒಂದು ನಿಜ ಇಟ್ಟಿದ್ದಾನೆ. ಮಕ್ಕಳು ಎಳೆಯರಾಗಿದ್ದದ್ದಂತೂ ಸುಳ್ಳಲ್ಲವಲ್ಲ.

ರಾತ್ರಿ ಪಾಳಿ (9:58)

ಮೇಷ್ಟ್ರ ವಿಕೆಟ್ ಬಿತ್ತು.

ಹೊಸ ಮದುಮಗ (11:20)

ಧರ್ಮೋಪದೇಶಕಾಂಡ 24:5 ಯಾರೂ ಹೇಳಲಿಲ್ಲವಲ್ಲ! ಹೊಸದಾಗಿ ಮದುವೆಯಾದವನನ್ನು ಯುದ್ಧಕ್ಕೂ ಕಳಿಸಬಾರದು, ಬೇರೆ ಯಾವ ಕೆಲಸವನ್ನೂ ಹೊರಿಸಬಾರದು, ಒಂದು ವರ್ಷ ಮನೆಯಲ್ಲಿದ್ದು ಹೆಂಡತಿಯನ್ನು ಸಂತೋಷಪಡಿಸಲಿ ಎಂದಿದೆ. ಇದನ್ನು ನಮ್ಮ ಮ್ಯಾನೇಜರಿಗೆ ತೋರಿಸಿದೆ. ನಾಲ್ಕು ದಿನ ಕೊಟ್ಟರು. ಅದರಲ್ಲಿ ಒಂದು ದಿನ ಕರೆಂಟ್ ಬಿಲ್ ಕಟ್ಟಲು ಹೋಯಿತು.

ಕಡೂರು ಕೊಬ್ಬರಿ (ಮಧ್ಯಾಹ್ನ 12:05)

ನಾನು ಕ್ರೈಸ್ತನಲ್ಲ, ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಈ ಪ್ರಶ್ನೆ ನಮ್ಮ ಮನೆಯಲ್ಲೂ ಇದ್ದದ್ದೇ. ನಮ್ಮಲ್ಲಿ ಬಸವಣ್ಣನವರೇ ಹೇಳಿಬಿಟ್ಟಿದ್ದಾರೆ, ಕಾಯಕವೇ ಕೈಲಾಸ ಎಂದು. ಅಂದ ಮೇಲೆ ಕೆಲಸವನ್ನು ಹಗುರವಾಗಿ ಕಾಣಬೇಡಿ.

ಹೇಮಾವತಿ ದಂಡೆ (12:21)

ಅಣ್ಣ, ಆ ಮಾತಿರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಎಲ್ಲರೂ ಬಸವಣ್ಣನವರ ಲೆಕ್ಕಕ್ಕೆ ಬರೆಯುತ್ತಾರೆ. ಕನ್ನಡ ಎಂ.ಎ. ಮಾಡಿದ್ದು ಇಷ್ಟಕ್ಕಾದರೂ ಬಂತು.

ಕಡೂರು ಕೊಬ್ಬರಿ (12:48)

ತಿದ್ದಿದ್ದಕ್ಕೆ ಧನ್ಯವಾದ ಅಕ್ಕ. ಮಾರಯ್ಯ ಎಂದ ಕೂಡಲೇ ಲಕ್ಕಮ್ಮ ನೆನಪಾದಳು, ಅದು ಇಲ್ಲಿಗೆ ಇನ್ನೂ ಚೆನ್ನಾಗಿ ಹೊಂದುತ್ತದೆ. ಕಾಯಕದಲ್ಲಿ ಮುಳುಗಿದರೆ ಗುರುದರ್ಶನವನ್ನೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು ಎಂದವನು ಮಾರಯ್ಯ. ಅವನ ಕೆಲಸ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯುವುದು. ಒಂದು ದಿನ ಮಾಮೂಲಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಭೇಷ್ ಎನ್ನಲಿಲ್ಲ. ಆಸೆ ಅರಸರಿಗೆ ಇರಲಿ, ನಮಗೆ ಇಷ್ಟೊಂದು ಅಕ್ಕಿಯ ಆಸೆ ಏಕೆ, ಹೋಗಿ ಅಲ್ಲೇ ಸುರಿದು ಬಾ ಎಂದಳು. ಕೆಲಸವೇ ಕೈಲಾಸ ಎಂದವನಿಗೆ ಎಷ್ಟು ಸಾಕು ಎಂದು ಹೇಳಿದ್ದು ಹೆಂಡತಿ.

ರೈಟರೇ, ನಿಮ್ಮ ಮನೆಯ ಲಕ್ಕಮ್ಮ ಮೇಜಿನ ಮೇಲೆ ಪುಸ್ತಕ ಇಟ್ಟಿದ್ದಾರೆ.

ಅರಸೀಕೆರೆ ಮೇಷ್ಟ್ರು (12:59)

ಪ್ರಸಂಗಿ 4:6. ಎರಡು ಕೈತುಂಬ ಗಳಿಸಿ ಗಾಳಿ ಹಿಂದಟ್ಟುವುದಕ್ಕಿಂತ ನೆಮ್ಮದಿಯ ಒಂದು ಹಿಡಿ ಲೇಸು ಎಂಬ ಅರ್ಥ. ಎರಡು ವಚನ ದಾಟಿದರೆ ಮಗನೂ ಇಲ್ಲದ ಅಣ್ಣತಮ್ಮನೂ ಇಲ್ಲದ ಒಬ್ಬ ಒಂಟಿಗ ಬರುತ್ತಾನೆ. ದುಡಿದೂ ದುಡಿದೂ, ಯಾರಿಗಾಗಿ ದುಡಿಯುತ್ತಿದ್ದೇನೆ ಎಂಬ ಪ್ರಶ್ನೆ. ಲಕ್ಕಮ್ಮನನ್ನು ನಮ್ಮ ಭಾನುವಾರ ಶಾಲೆಗೆ ಕರೆದೊಯ್ಯುತ್ತೇನೆ.

ಕಾಳುಮೆಣಸು (1:30)

ಎಲ್ಲ ಸರಿ. ನನ್ನದು ಎಂಟು ಎಕರೆ. ನಾನೇ ಧಣಿ, ನಾನೇ ರೈಟರು, ನಾನೇ ಮೇಸ್ತ್ರಿ. ಹಣ್ಣು ಗಿಡದಲ್ಲಿ ಒಣಗಿ ಉದುರುತ್ತಿದೆ, ಕೊಯ್ಯಲು ಜನ ಇಲ್ಲ. ಅಸ್ಸಾಂ ಕಡೆಯಿಂದ ಬಂದವರು ಸಿಕ್ಕಿದರೆ ಪುಣ್ಯ. ಕಣದಲ್ಲಿ ಪಾರ್ಚ್‌ಮೆಂಟ್ (ಪಲ್ಪ್ ಮಾಡಿದ ಬೀಜ) ಹರಡಿದೆ, ಮೋಡ ಕಟ್ಟುತ್ತದೆ. ಭಾನುವಾರ ಎಂದು ಟಾರ್ಪಾಲ್ ಮುಚ್ಚದೆ ಚರ್ಚಿಗೆ ಹೋಗಬೇಕೆ? ಬರೆದವರು ಕಾಫಿ ಬೆಳೆದಿರಲಿಲ್ಲ.

ರಾತ್ರಿ ಪಾಳಿ (1:52)

ಕಾಫಿ ಬೆಳೆದಿರಲಿಲ್ಲ, ಗೋಧಿ ಬೆಳೆದಿದ್ದರು. ವಿಮೋಚನಕಾಂಡ 34:21. ಏಳನೆಯ ದಿನ ವಿಶ್ರಮಿಸಬೇಕು, ಉಳುವ ಕಾಲದಲ್ಲೂ ಕೊಯ್ಲಿನ ಕಾಲದಲ್ಲೂ. ನೀವು ಈ ನೆಪ ಹೇಳುತ್ತೀರೆಂದು ಗೊತ್ತಿದ್ದೇ ಬರೆದ ಹಾಗಿದೆ.

ಕಾಳುಮೆಣಸು (1:57)

ಎತ್ತು ಬಾವಿಗೆ ಬಿದ್ದರೆ ವಿಶ್ರಾಂತಿಯ ಸಬ್ಬತ್ ದಿನವೂ ಎತ್ತಬೇಕು ಎಂದು ಯೇಸು ಹೇಳಿಲ್ಲವೇ? ಲೂಕ 14. ನಾನೂ ಸ್ವಲ್ಪ ಓದಿದ್ದೇನೆ.

ರಾತ್ರಿ ಪಾಳಿ (2:04)

ಬಿದ್ದ ದಿನ ಎತ್ತಿ. ಟಾರ್ಪಾಲ್ ಖಂಡಿತ ಮುಚ್ಚಿ. ನವೆಂಬರಿನಿಂದ ಮಾರ್ಚ್‌ವರೆಗೆ ಪ್ರತಿ ಭಾನುವಾರವೂ ನಿಮ್ಮ ಎತ್ತು ಬೀಳುತ್ತದೆಯಲ್ಲ, ಅದಕ್ಕೆ ಹೇಳಿದ್ದು.

ಏಳನೆಯ ದಿನ (2:40)

ಎಲ್ಲರೂ ಭಾನುವಾರ ಭಾನುವಾರ ಎನ್ನುತ್ತಿದ್ದೀರಿ. ಬೈಬಲಿನ ಸಬ್ಬತ್ ಶನಿವಾರ. ಶುಕ್ರವಾರ ಸೂರ್ಯಾಸ್ತದಿಂದ ಶುರು.

ನಿರ್ವಾಹಕ (2:55)

ಶನಿವಾರವೋ ಭಾನುವಾರವೋ ಎಂಬುದಕ್ಕೆ ದಯವಿಟ್ಟು ಬೇರೆ ಚರ್ಚೆ ತೆರೆಯಿರಿ. ಹೋದ ವರ್ಷ ಅದು 340 ಉತ್ತರಗಳವರೆಗೆ ಹೋಗಿ ಬೀಗ ಹಾಕಬೇಕಾಯಿತು.

ಲೈನ್ ಮನೆ ಹುಡುಗಿ (ಸಂಜೆ 6:33)

ನಿನ್ನೆಯಿಂದ ಓದುತ್ತಿದ್ದೇನೆ. ಬರೆಯುವುದೋ ಬೇಡವೋ ಎಂದುಕೊಂಡಿದ್ದೆ.

ನನ್ನ ಅಮ್ಮ ಆಲ್ದೂರು ಕಡೆಯ ತೋಟವೊಂದರಲ್ಲಿ ಇಪ್ಪತ್ತಾರು ವರ್ಷ ಹಣ್ಣು ಕೊಯ್ದಳು. ನಾನು ಲೈನ್ ಮನೆಯಲ್ಲಿ, ತೋಟದ ಆಳುಗಳ ಸಾಲುಮನೆಯಲ್ಲಿ, ಬೆಳೆದವಳು. ಕೊಯ್ಲಿನ ಕಾಲದಲ್ಲಿ ಅಮ್ಮ ಕತ್ತಲೆಯಲ್ಲೇ ಅನ್ನ ಮಾಡಿಟ್ಟು ಹೋಗುತ್ತಿದ್ದಳು. ಸಂಜೆ ತೂಕದ ಸಾಲಿನಲ್ಲಿ ನಾವು ಮಕ್ಕಳು ಅವಳ ಸೊಂಟಕ್ಕೆ ಕಟ್ಟಿದ ಗೋಣಿಯ ತುದಿ ಹಿಡಿದು ನಿಲ್ಲುತ್ತಿದ್ದೆವು. ಅಂಟು, ಇರುವೆ, ಹಣ್ಣಿನ ಸಿಹಿ ವಾಸನೆ. ನಮಗೆ ಅಮ್ಮ ಸಿಗುತ್ತಿದ್ದುದು ಆ ಸಾಲಿನಲ್ಲೇ. ಸಾಲಿನ ಆ ತುದಿಯಲ್ಲಿ ತಕ್ಕಡಿ ಪಕ್ಕ ಪುಸ್ತಕ ಹಿಡಿದು ಒಬ್ಬರು ಕುಳಿತಿರುತ್ತಿದ್ದರು. ರೈಟರು.

ವಾರದ ರಜೆ ಸಂತೆಯ ದಿನ. ಕೊಯ್ಲು ಜೋರಾದರೆ ಅದೂ ಇಲ್ಲ, "ಬಂದವರಿಗೆ ಜಾಸ್ತಿ ಕೊಡುತ್ತೇವೆ, ಬರದವರ ಹೆಸರು ನೆನಪಿರುತ್ತದೆ" ಎನ್ನುತ್ತಿದ್ದರು. ಏಳು ದಿನಕ್ಕೊಂದು ವಿಶ್ರಾಂತಿಯ ದಿನ ಎಂದು 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ನಮಗೆ ಹೇಳಿದವರು ಯಾರು?

ನೀವೆಲ್ಲ ಸಬ್ಬತ್ತಿನ ನಾಲ್ಕನೆಯ ಆಜ್ಞೆಯನ್ನು ರೈಟರಿಗೆ ಹೇಳುತ್ತಿದ್ದೀರಿ. ಅದನ್ನು ಪೂರ್ತಿ ಓದಿ. ನೀನು, ನಿನ್ನ ಮಗ, ನಿನ್ನ ಮಗಳು, ನಿನ್ನ ಗಂಡಾಳು, ಹೆಣ್ಣಾಳು, ಎತ್ತು, ಕತ್ತೆ, ನಿನ್ನ ಊರಿನಲ್ಲಿರುವ ಪರಸ್ಥಳದವನು. ಆಳುಗಳಿರುವವನಿಗೆ ಹೇಳಿದ ಆಜ್ಞೆ ಅದು. ಧರ್ಮೋಪದೇಶಕಾಂಡ 5ರಲ್ಲಿ ಕಾರಣವನ್ನೂ ಹೇಳಿದ್ದಾರೆ: ನಿನ್ನ ಹಾಗೆಯೇ ನಿನ್ನ ಆಳುಗಳೂ ವಿಶ್ರಮಿಸಲಿ, ನೀನೂ ಐಗುಪ್ತದಲ್ಲಿ ಗುಲಾಮನಾಗಿದ್ದೆ ಎಂಬುದು ನೆನಪಿರಲಿ. ಪರಸ್ಥಳದವನು ಎಂದರೆ ಈಗ ಅಸ್ಸಾಮಿನಿಂದ ಬಂದವರು, ಅಲ್ಲವೇ ಕಾಳುಮೆಣಸು ಅವರೇ?

ರೈಟರಣ್ಣ, ನಿಮ್ಮ ಲೋಟದ ಕಥೆ ಓದಿ ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ. ಆದರೆ ನಿಮ್ಮ ಚೆಕ್‌ರೋಲಿನಲ್ಲಿರುವ ಹೆಂಗಸರಿಗೂ ಮನೆಯಲ್ಲಿ ಲೋಟಗಳಿವೆ. ಹೋದ ಐದು ವಾರಗಳಲ್ಲಿ ಅವರಿಗೆ ಎಷ್ಟು ರಜೆ ಬರೆದಿರಿ?

ಘಾಟಿ ಡ್ರೈವರ್ (6:40)

...

ಕಾಳುಮೆಣಸು (6:58)

ತಂಗಿ, ನನ್ನ ಕಡೆ ಬೆರಳು ತೋರಿಸಿದ್ದೀಯ, ಉತ್ತರ ಕೊಡಬೇಕು. ಈ ಸಾರಿ ಎರಡು ವಾರ ನಾನು ರಜೆ ಕೊಟ್ಟಿಲ್ಲ. ಕೊಡಬಹುದಿತ್ತು.

ತೋಟದ ರೈಟರು (ರಾತ್ರಿ 9:47)

ಈಗ ಪಲ್ಪರ್ ನಿಂತಿತು. ಎಲ್ಲವನ್ನೂ ಓದಿದೆ.

ತಂಗಿ, ನಿನ್ನ ಪ್ರಶ್ನೆಗೆ ಉತ್ತರ ಹೇಳಲು ಚೆಕ್‌ರೋಲ್ ತೆಗೆದು ನೋಡಿದೆ. ಐದು ವಾರದಲ್ಲಿ ಎರಡು ರಜೆ. ನಾಲ್ಕು ಜನ ಒಂದನ್ನೂ ತೆಗೆದುಕೊಂಡಿಲ್ಲ, ಅವರ ಹೆಸರಿನ ಮುಂದೆ ನಾನೇ ಸಾಲಾಗಿ ಗೀಟು ಹಾಕಿದ್ದೇನೆ. ಅವರಾಗಿಯೇ ಬಂದರು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ನನಗೂ ಧಣಿಗಳು ಹಾಗೆಯೇ ಹೇಳುತ್ತಾರೆ, ನೀನಾಗಿಯೇ ಉಳಿದೆಯಲ್ಲ ಎಂದು.

ರಾತ್ರಿ ಪಾಳಿ (10:15)

ಆಳುಗಳ ಪಟ್ಟಿ ಓದುವಾಗ ಒಂದು ಗಮನಿಸಿದಿರಾ? ಮಗ, ಮಗಳು, ಆಳು, ಎತ್ತು, ಕತ್ತೆ ಎಲ್ಲ ಇವೆ. ಹೆಂಡತಿ ಇಲ್ಲ. ಅಡುಗೆ ಯಾರದ್ದೆಂದು ಗೊತ್ತಾಯಿತು.

ಅರಸೀಕೆರೆ ಮೇಷ್ಟ್ರು (10:24)

"ನೀನು" ಎಂಬುದರಲ್ಲಿ ಗಂಡಹೆಂಡಿರು ಇಬ್ಬರೂ ಸೇರಿದ್ದಾರೆ ಎಂದು ಓದುವವರಿದ್ದಾರೆ. ನಾನೂ ಹಾಗೆಯೇ ಓದುತ್ತೇನೆ.

ರಾತ್ರಿ ಪಾಳಿ (10:36)

ಓದುವುದು ನೀವು. ಭಾನುವಾರ ಕೋಳಿ ಸಾರು ಮಾಡುವುದು ಯಾರು?

ನಾನು ಹಾಸನದಲ್ಲಿ ನರ್ಸ್. ರಾತ್ರಿ ಎಂಟರಿಂದ ಬೆಳಗ್ಗೆ ಎಂಟು. ತಾಯಂದಿರ ದಿನ ಬಂತೆಂದರೆ ಚರ್ಚಿನಲ್ಲಿ ಜ್ಞಾನೋಕ್ತಿ 31 ಓದಿ ನಮಗೊಂದು ಗುಲಾಬಿ ಕೊಡುತ್ತಾರೆ. ಆ ಗುಣವತಿ ಕತ್ತಲಿರುವಾಗಲೇ ಎದ್ದು ಮನೆಯವರಿಗೆ ಊಟ ಕೊಡುತ್ತಾಳೆ, ಹೊಲ ಕೊಳ್ಳುತ್ತಾಳೆ, ದ್ರಾಕ್ಷಿ ತೋಟ ನೆಡುತ್ತಾಳೆ, ರಾತ್ರಿ ಅವಳ ದೀಪ ಆರುವುದಿಲ್ಲ. ಓದಿದಷ್ಟೂ ನನಗೆ ನಿದ್ದೆ ಬರುತ್ತದೆ. ಅವಳ ಗಂಡ ಎಲ್ಲಿ? 23ನೆಯ ವಚನ. ಊರ ಬಾಗಿಲಲ್ಲಿ ಹಿರಿಯರ ಜೊತೆ ಕುಳಿತಿದ್ದಾನೆ.

ಒಂದು ವಿಷಯ ಮಾತ್ರ ಯಾರೂ ಓದಿ ಹೇಳುವುದಿಲ್ಲ. 15ನೆಯ ವಚನದಲ್ಲಿ ಅವಳಿಗೆ ದಾಸಿಯರಿದ್ದಾರೆ. ನನಗೆ ಇರುವುದು ಒಂದು ಕುಕ್ಕರ್.

ಅರಸೀಕೆರೆ ಮೇಷ್ಟ್ರು (10:58)

ಇದಕ್ಕೆ ನನ್ನ ತಕರಾರಿಲ್ಲ. ಒಂದು ಮಾತು ಸೇರಿಸುತ್ತೇನೆ. ಅದು 22 ವಚನಗಳ ಪದ್ಯ. ಹೀಬ್ರೂ ಅಕ್ಷರಮಾಲೆಯ 22 ಅಕ್ಷರಗಳಲ್ಲಿ ಒಂದೊಂದರಿಂದ ಒಂದೊಂದು ವಚನ ಶುರುವಾಗುತ್ತದೆ, ನಮ್ಮಲ್ಲಿ ಅಕಾರಾದಿಯಾಗಿ ಕಟ್ಟುವ ಹಾಗೆ. ಒಬ್ಬ ಹೆಂಗಸಿನ ಇಡೀ ಬಾಳನ್ನು ಮೊದಲ ಅಕ್ಷರದಿಂದ ಕೊನೆಯವರೆಗೆ ಹೊಗಳಿದ್ದು. ಮಂಗಳವಾರದ ವೇಳಾಪಟ್ಟಿ ಅಲ್ಲ. ಕೊನೆಯ ವಚನ ಅವಳ ಕೈದುಡಿಮೆಯ ಫಲವನ್ನು ಅವಳಿಗೇ ಕೊಡಿರಿ ಎನ್ನುತ್ತದೆ. ಗುಲಾಬಿ ಎಂದು ಬರೆದಿಲ್ಲ.

ನಾಳೆ ಕೋಳಿ ಸಾರು ನಾನೇ ಮಾಡುತ್ತೇನೆ. ನಮ್ಮ ಮನೆಯವರು ಇದನ್ನು ಓದಿಬಿಟ್ಟರು.

ಸ್ತೋತ್ರ ಸಹೋದರ (11:12)

ಮಾರ್ಥಳ ಕಥೆ ಮರೆಯಬೇಡಿ. ಅವಳು ಯೇಸುವಿಗೆ ಉಣಬಡಿಸುವ ಗಡಿಬಿಡಿಯಲ್ಲಿದ್ದಾಗ ಸಹೋದರಿ ಮರಿಯಳು ಪಾದದ ಬಳಿ ಕೂತು ಒಳ್ಳೆಯ ಭಾಗವನ್ನು ಆರಿಸಿಕೊಂಡಳು. ಅಡುಗೆಮನೆಯ ಗಡಿಬಿಡಿಗಿಂತ ಪಾದದ ಬಳಿ ಕೂರುವುದು ದೊಡ್ಡದು.

ಹೇಮಾವತಿ ದಂಡೆ (11:20)

ಮಾರ್ಥಳನ್ನು ಅಷ್ಟಕ್ಕೇ ಬಿಡಬೇಡಿ. ಯೋಹಾನ 12ರಲ್ಲಿ ಮತ್ತೆ ಔತಣ, ಮತ್ತೆ ಮಾರ್ಥಳೇ ಬಡಿಸುತ್ತಿದ್ದಾಳೆ. ಆಗ ಅವಳನ್ನು ಯಾರೂ ಗದರಿಸುವುದಿಲ್ಲ. ಮೊದಲು ಯೇಸು ಗದರಿಸಿದ್ದು ಅಡುಗೆಯನ್ನಲ್ಲ, ಚಿಂತೆಯನ್ನು. ಅಷ್ಟಕ್ಕೂ ಆ ದಿನ ಎಲ್ಲರೂ ಊಟ ಮಾಡಿದರು ತಾನೆ?

ಹೊಸ ಮದುಮಗ (ಸೋಮವಾರ, ಬೆಳಗ್ಗೆ 8:10)

ರೈಟರಣ್ಣ, ಈ ಭಾನುವಾರ ಮಕ್ಕಳನ್ನು ಶೆಟ್ಟಿಹಳ್ಳಿಯ ಮುಳುಗುವ ಚರ್ಚಿಗೆ ಕರೆದುಕೊಂಡು ಹೋಗಿ. ಹಾಸನದಿಂದ ಹತ್ತಿರ. 1860ರಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ್ದು, ಈಗ ಗೋಡೆಯಷ್ಟೇ ಇದೆ. ಕಟ್ಟುವವರ ಪ್ರಯಾಸ ವ್ಯರ್ಥ ಎಂಬ ಕೀರ್ತನೆಗೆ ಅದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕೆ?

ಹೇಮಾವತಿ ದಂಡೆ (8:25)

ತಮ್ಮ, ನನ್ನ ಹೆಸರು ನೋಡಿ ಬರೆಯಬೇಕಿತ್ತು. ಹೇಮಾವತಿಗೆ ಕಟ್ಟಿದ ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ನಮ್ಮ ಅಜ್ಜನ ಹೊಲ, ಮನೆ ಎಲ್ಲ ಹೋಯಿತು. ಆ ಚರ್ಚು ದೇವರು ಕಟ್ಟದ್ದರಿಂದ ಬಿದ್ದದ್ದಲ್ಲ. ನೀರು ನಿಲ್ಲಿಸಿದ್ದರಿಂದ ಬಿದ್ದದ್ದು. ನಮ್ಮನ್ನು ದೃಷ್ಟಾಂತ ಮಾಡಬೇಡ. ಮಕ್ಕಳನ್ನು ಕರೆದುಕೊಂಡು ಹೋಗಲಿ, ಆದರೆ ನೀರು ಇಳಿದು ಒಳಗೆ ನಡೆದಾಡುವಂತಾಗುವುದು ಬೇಸಿಗೆಗೆ.

ಹೊಸ ಮದುಮಗ (8:31)

ತಪ್ಪಾಯಿತು ಅಕ್ಕ.

ಕಡೂರು ಕೊಬ್ಬರಿ (8:50)

ಮೋಶೆಯ ಮಾವನ ಕಥೆ ಒಂದಿದೆಯಂತೆ, ನಮ್ಮ ಕಚೇರಿಯ ಕ್ರೈಸ್ತ ಗೆಳೆಯರು ಹೇಳಿದರು. ಅದೇನು?

ಅರಸೀಕೆರೆ ಮೇಷ್ಟ್ರು (9:30)

ವಿಮೋಚನಕಾಂಡ 18. ಮೋಶೆ ಬೆಳಗಿನಿಂದ ಸಂಜೆಯವರೆಗೆ ಕುಳಿತು ಜನರ ವ್ಯಾಜ್ಯ ತೀರಿಸುತ್ತಾನೆ. ಮಾವ ಇತ್ರೋ ಒಂದು ದಿನ ನೋಡಿ, ನೀನು ಮಾಡುವುದು ಸರಿಯಲ್ಲ, ನೀನೂ ದಣಿಯುತ್ತೀ, ಜನರೂ ದಣಿಯುತ್ತಾರೆ, ಸಾವಿರಕ್ಕೆ ನೂರಕ್ಕೆ ಐವತ್ತಕ್ಕೆ ಹತ್ತಕ್ಕೆ ಒಬ್ಬೊಬ್ಬರನ್ನು ನೇಮಿಸು, ದೊಡ್ಡದು ಮಾತ್ರ ನಿನ್ನ ಬಳಿ ಬರಲಿ ಎನ್ನುತ್ತಾನೆ. ಆಡಳಿತದ ತರಬೇತಿಗಳಲ್ಲಿ ಇದನ್ನೇ ಹೇಳುತ್ತಾರೆ. ಅವರು ಬಿಡುವುದು ಅಧ್ಯಾಯದ ಮೊದಲ ಆರು ವಚನಗಳನ್ನು. ಇತ್ರೋ ಒಬ್ಬನೇ ಬರಲಿಲ್ಲ. ಮೋಶೆ ತವರಿಗೆ ಕಳಿಸಿಬಿಟ್ಟಿದ್ದ ಹೆಂಡತಿ ಚಿಪ್ಪೋರಳನ್ನೂ ಇಬ್ಬರು ಗಂಡುಮಕ್ಕಳನ್ನೂ ಜೊತೆಗೆ ಕರೆತಂದ. ಮೋಶೆ ಹೊರಗೆ ಬಂದು ಮಾವನಿಗೆ ನಮಸ್ಕರಿಸಿ ಮುದ್ದಿಟ್ಟ ಎಂದಿದೆ. ಹೆಂಡತಿ ಮಕ್ಕಳಿಗೆ ಏನು ಹೇಳಿದ ಎಂದು ಒಂದು ಅಕ್ಷರವೂ ಇಲ್ಲ. ಇತ್ರೋ ಬುದ್ಧಿ ಹೇಳಿದ್ದು ಮನೆಯವರಿಗಾಗಿ ಎಂದು ನಾನು ಹೇಳುವುದಿಲ್ಲ, ಅಲ್ಲಿ ಹಾಗೆ ಬರೆದಿಲ್ಲ. ಆದರೆ ಮಗಳನ್ನು ತಂದುಬಿಟ್ಟ ಮಾರನೆಯ ದಿನವೇ ಅಳಿಯನ ಕೆಲಸ ನೋಡಲು ಕುಳಿತ ಮಾವ ಅವನು. ನನಗೂ ಇಬ್ಬರು ಹೆಣ್ಣುಮಕ್ಕಳು, ನನಗೆ ಅರ್ಥವಾಗುತ್ತದೆ.

ರೈಟರೇ, ಇನ್ನೊಂದು. ಯಾಕೋಬ ಹದಿನಾಲ್ಕು ವರ್ಷ ದುಡಿದ ಮೇಲೆ, ತನ್ನನ್ನು ದುಡಿಸಿಕೊಂಡ ಮಾವ ಲಾಬಾನನಿಗೆ ಕೇಳುತ್ತಾನೆ: ನನ್ನ ಸ್ವಂತ ಮನೆಗೆ ನಾನು ಸಂಪಾದಿಸುವುದು ಯಾವಾಗ? ಆದಿಕಾಂಡ 30:30. ಅದನ್ನು ಅವನು ಪ್ರಾರ್ಥನೆಯಲ್ಲಿ ಕೇಳಲಿಲ್ಲ. ಧಣಿಯ ಮುಖಕ್ಕೇ ಕೇಳಿದ.

ಕಾಳುಮೆಣಸು (9:41)

ಲಾಬಾನ ಹತ್ತು ಸಲ ಸಂಬಳ ಬದಲಿಸಿದ ಎಂದೂ ಅಲ್ಲೇ ಇದೆ. ಬರೆಸಿಕೊಳ್ಳಿ, ಬಾಯಿಮಾತು ನಂಬಬೇಡಿ.

ತೋಟದ ರೈಟರು (ಶುಕ್ರವಾರ, ರಾತ್ರಿ 8:05)

ಐದು ದಿನ ಬರಲಾಗಲಿಲ್ಲ. ಬುಧವಾರ ಧಣಿಗಳ ಹತ್ತಿರ ಮಾತಾಡಿದೆ. ಯಾಕೋಬನ ಮಾತು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ, ಎದುರು ನಿಂತಾಗ ಮರೆತುಹೋಯಿತು. ಪಲ್ಪರಿಗೆ ಇನ್ನೊಬ್ಬ ಹುಡುಗನನ್ನು ಕೊಡಿ, ಭಾನುವಾರ ನಾನು ಇರುವುದಿಲ್ಲ, ಕೊಯ್ಯುವವರಿಗೆ ವಾರಕ್ಕೊಂದು ರಜೆಯನ್ನು ಕಡ್ಡಾಯವಾಗಿ ಬರೆಯುತ್ತೇನೆ, ಇದಕ್ಕೆ ಒಪ್ಪಿದರೆ ಎರಡನೆಯ ತೋಟ ನೋಡುತ್ತೇನೆ ಎಂದೆ. ಹುಡುಗನನ್ನು ಕೊಡಲು ಒಪ್ಪಿದರು. ಕೊಯ್ಯುವವರ ರಜೆಗೆ "ನೋಡೋಣ" ಎಂದರು. ನನ್ನ ಭಾನುವಾರಕ್ಕೆ ತಿಂಗಳಿಗೆ ಮೂರು ಎಂದರು, ಸಂಬಳ ಒಂಬತ್ತರ ಬದಲು ಐದು. ನಾನಿನ್ನೂ ಹೂಂ ಎಂದಿಲ್ಲ. "ನೋಡೋಣ" ಎಂದದ್ದನ್ನು ಕಾಯುತ್ತಿದ್ದೇನೆ.

ರಾತ್ರಿ ಹೆಂಡತಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಇಲ್ಲಿ ನೀವೆಲ್ಲ ಬರೆದದ್ದನ್ನೂ ಓದಿ ಹೇಳಿದೆ. ಕೊನೆಯವರೆಗೂ ಕೇಳಿಸಿಕೊಂಡು, ಇಷ್ಟು ಜನರನ್ನು ಕೇಳಿದಿರಿ, ಬಾಡಿಗೆ ಎಷ್ಟು, ಶಾಲೆಗೆ ಎಷ್ಟು, ಐದು ಸಾವಿರ ಸಾಲುತ್ತದೆಯೋ ಇಲ್ಲವೋ ಎಂದು ನನ್ನನ್ನು ಕೇಳಿದಿರಾ, ಲೆಕ್ಕ ಬರೆಯುವುದು ನಾನಲ್ಲವೇ ಎಂದಳು. ನನಗೆ ಉತ್ತರ ಇರಲಿಲ್ಲ. ನಾಳೆ ಸಂಜೆ ಹೋಗಿ ಇಬ್ಬರೂ ಕೂತು ಲೆಕ್ಕ ಹಾಕುತ್ತೇವೆ.

ರಾತ್ರಿ ಪಾಳಿ (8:09)

ಶನಿವಾರ ರಾತ್ರಿ 11:10ಕ್ಕೆ ನಾನು ಬರೆದದ್ದನ್ನು ಮತ್ತೊಮ್ಮೆ ಓದಿ ಅಣ್ಣ.

ಲೈನ್ ಮನೆ ಹುಡುಗಿ (8:22)

ಆ ನಾಲ್ಕು ಜನ?

ತೋಟದ ರೈಟರು (8:30)

ನಿನ್ನೆ ಅವರನ್ನು ಮನೆಗೆ ಕಳಿಸಿದೆ. ಇಬ್ಬರು ಬಯ್ದುಕೊಂಡೇ ಹೋದರು ತಂಗಿ, ಒಂದು ದಿನದ ಕೂಲಿ ಹೋಯಿತು ಎಂದು. ಕೂಲಿ ಕೊಟ್ಟು ಕಳಿಸುವಷ್ಟು ಅಧಿಕಾರ ನನಗಿಲ್ಲ. ಅದನ್ನೂ ಕೇಳಬೇಕಿತ್ತು, ಹೊಳೆಯಲಿಲ್ಲ.

ಲೈನ್ ಮನೆ ಹುಡುಗಿ (8:34)

ಅಮ್ಮನೂ ಬಯ್ಯುತ್ತಿದ್ದಳು. ಮುಂದಿನ ಬುಧವಾರ ಕೇಳಿ.

ಘಾಟಿ ಡ್ರೈವರ್ (8:41)

ಲೋಟದ ಕಥೆ ಏನಾಯಿತು?

ತೋಟದ ರೈಟರು (8:52)

ಮಗ ಖಾಲಿ ಮಾಡಲು ತಯಾರಿಲ್ಲ. ಪೆನ್ಸಿಲಿಗೆ ಬೇರೆ ಡಬ್ಬಿ ಬೇಕಂತೆ, ಮುಚ್ಚಳದ ಮೇಲೆ ಕಾರಿನ ಚಿತ್ರ ಇರುವುದು. ಬೇಲೂರಿನ ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ಸಿಗುತ್ತದೆಯೇ, ಯಾರಿಗಾದರೂ ಗೊತ್ತೆ?

ಕಾಳುಮೆಣಸು (8:58)

ಸಿಗುತ್ತದೆ, ಎಂಟರೊಳಗೆ ಹೋಗಿ.

ಅಂದ ಹಾಗೆ, ಮುಂದಿನ ತಿಂಗಳು ಮೆಣಸು ಕೊಯ್ಯಲು ಏಣಿ ಹತ್ತುವ ಜನ ಬೇಕಾಗಿದ್ದಾರೆ. ಯಾರಾದರೂ ಇದ್ದರೆ ಹೇಳಿ. ವಾರಕ್ಕೊಂದು ರಜೆ, ಕೂಲಿ ಸಮೇತ. ತಂಗಿ ಸಾಕ್ಷಿ.